ಕಟ್ಟೆ ರೋಗದ ವೈರಸ್ ಜೀನನ್ನು ಅಟ್ ಸ್ಥಾನಗಳ ಮೂಲಕ ಕ್ಲೋನ್ ಮಾಡಿದ ಬಗೆ: ಮಡಿಕೇರಿಯ ಒಂದು ಸಣ್ಣ ಪ್ರಯೋಗಾಲಯದ ಕೆಲಸದ ದಾಖಲೆ

ಏಲಕ್ಕಿಯ ಕಟ್ಟೆ ರೋಗಕ್ಕೆ ಕಾರಣವಾದ ಕಾರ್ಡಮಮ್ ಮೊಸಾಯಿಕ್ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ತಯಾರಿಸುವುದು ಈ ಕೆಲಸದ ಗುರಿ. ಆ ಪ್ರೋಟೀನು ಕೈಗೆ ಬಂದರೆ ಅದರ ವಿರುದ್ಧ ಪ್ರತಿಕಾಯಗಳನ್ನು ಪಡೆಯಬಹುದು. ಪ್ರತಿಕಾಯಗಳಿದ್ದರೆ ನೆಡುವ ಮುನ್ನವೇ ಕಂದುಗಳಲ್ಲಿ ಸೋಂಕು ಇದೆಯೇ ಇಲ್ಲವೇ ಎಂಬುದನ್ನು ಪ್ರತಿಕಾಯ ಅಂಟಿತೇ ಎಂಬುದನ್ನು ಬಣ್ಣದಿಂದ ತೋರಿಸುವ ಎಲೈಸಾ ಪರೀಕ್ಷೆಯಿಂದ ನೋಡಬಹುದು. ಕಟ್ಟೆ ರೋಗ ಬೀಜದಿಂದಲೂ ಮಣ್ಣಿನಿಂದಲೂ ಹರಡುವುದಿಲ್ಲ. ಬುಡದಿಂದ ಬುಡಕ್ಕೆ ಅದನ್ನು ಗಿಡಹೇನು ಒಯ್ಯುತ್ತದೆ, ಮಲೆಯಿಂದ ಮಲೆಗೆ ಸೋಂಕಿರುವ ಕಂದುಗಳ ಮೂಲಕ ನಾವೇ ಒಯ್ಯುತ್ತೇವೆ. ಎಲೆಯ ನಡುನರದಿಂದ ಅಂಚಿನ ಕಡೆಗೆ ಓಡುವ ತಿಳಿಹಸಿರು ಗೀರುಗಳು ಕಣ್ಣಿಗೆ ಬೀಳುವ ಹೊತ್ತಿಗೆ ವೈರಸ್ ಆ ಬುಡದಲ್ಲಿ ನೆಲೆಯೂರಿ ಬಹಳ ಕಾಲವಾಗಿರುತ್ತದೆ, ಬುಡವನ್ನು ಕಿತ್ತುಹಾಕುವುದನ್ನು ಬಿಟ್ಟರೆ ಬೇರೆ ದಾರಿ ಉಳಿದಿರುವುದಿಲ್ಲ. ಆದ್ದರಿಂದ ಕಂದಿನ ಹಂತದಲ್ಲೇ ನಡೆಯುವ ಪರೀಕ್ಷೆಗೆ ಬೆಲೆಯಿದೆ.

ಈ ದಾಖಲೆಯಲ್ಲಿ ಪ್ರತಿಕಾಯದ ಮಾತಿಲ್ಲ. ಜೀನಿನ ತುಣುಕು ಎಲೆಯಿಂದ ಹೊರಟು ಪ್ರೋಟೀನು ತಯಾರಿಸುವ ಪ್ಲಾಸ್ಮಿಡ್‌ (ಬ್ಯಾಕ್ಟೀರಿಯಾದೊಳಗೆ ತಾನೇ ನಕಲಾಗುವ ಸಣ್ಣ ಡಿಎನ್‌ಎ ವೃತ್ತ) ಸೇರುವವರೆಗಿನ ದಾರಿ ಮತ್ತು ಆ ದಾರಿಯಲ್ಲಿ ಕೆಟ್ಟುಹೋಗಿದ್ದ ಒಂದು ವೆಕ್ಟರನ್ನು, ಎಂದರೆ ಜೀನನ್ನು ಹೊರುವ ಪ್ಲಾಸ್ಮಿಡ್ಡನ್ನು, ಸರಿಪಡಿಸಿದ ರೀತಿ ಮಾತ್ರ ಇಲ್ಲಿದೆ. ಕೆಲಸ ಆರಂಭಿಸುವ ಮುನ್ನ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಪಡೆದಿದ್ದೆವು. ಇದೇ ಬಗೆಯ ಕೆಲಸಕ್ಕೆ ಇಳಿಯುವವರು ಮೊದಲು ಮಾಡಬೇಕಾದದ್ದು ಅದನ್ನೇ.

ಸಾಮಾನ್ಯವಾಗಿ ಇಂಥ ಕೆಲಸಕ್ಕೆ ರೆಸ್ಟ್ರಿಕ್ಷನ್ ಕಿಣ್ವಗಳಿಂದ ಗೊತ್ತಾದ ಬೇಸ್ ಕ್ರಮದಲ್ಲಿ ಕತ್ತರಿಸಿ ಲೈಗೇಸ್ ಎಂಬ ಕಿಣ್ವದಿಂದ ಅಂಟಿಸುವ ಹಳೆಯ ವಿಧಾನವನ್ನು ಬಳಸುತ್ತಾರೆ. ಅದರಲ್ಲಿ ದೋಷವೇನೂ ಇಲ್ಲ, ಒಂದೇ ಜೀನನ್ನು ಒಂದೇ ವೆಕ್ಟರ್‌ಗೆ ಸೇರಿಸುವುದಾದರೆ ಇಂದಿಗೂ ಅದೇ ಅಗ್ಗ. ನಮ್ಮ ಅಗತ್ಯ ಬೇರೆಯಾಗಿತ್ತು. ವೈರಸ್ ಆರ್‌ಎನ್‌ಎ ಜಾತಿಯದಾದ್ದರಿಂದ ಒಂದು ಮಲೆಯ ತಳಿಗೂ ಇನ್ನೊಂದು ಮಲೆಯ ತಳಿಗೂ ಬೇಸ್‌ಗಳ ಕ್ರಮದಲ್ಲಿ ವ್ಯತ್ಯಾಸವಿರುತ್ತದೆ. ಒಂದು ತಳಿಯಲ್ಲಿ ಇಲ್ಲದ ಕತ್ತರಿಸುವ ಸ್ಥಾನ ಇನ್ನೊಂದರ ನಡುವೆ ಬಂದು ಕುಳಿತರೆ, ಆಯ್ದ ಕಿಣ್ವ ಜೀನನ್ನೇ ತುಂಡು ಮಾಡುತ್ತದೆ. ಇದಲ್ಲದೆ ಹೊರಕವಚದ ಪ್ರೋಟೀನು ಬ್ಯಾಕ್ಟೀರಿಯಾದಲ್ಲಿ ಕರಗಿದ ಸ್ಥಿತಿಯಲ್ಲಿ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ಹೇಳಲಾಗದು, ಹಾಗಾಗಿ ಒಂದಕ್ಕಿಂತ ಹೆಚ್ಚು ವೆಕ್ಟರ್‌ಗಳಲ್ಲಿ ಪರೀಕ್ಷಿಸಬೇಕಾಗುವುದು ಖಚಿತವಿತ್ತು. ಈ ಎರಡು ಕಾರಣಗಳಿಂದ ನಿರ್ದಿಷ್ಟ ಸ್ಥಾನದ ಪುನಸ್ಸಂಯೋಜನೆಯನ್ನು, ಪ್ರಯೋಗಾಲಯಗಳಲ್ಲಿ ಗೇಟ್‌ವೇ ಎಂದು ಕರೆಯುವ ವಿಧಾನವನ್ನು, ಆರಿಸಿಕೊಂಡೆವು.

ವಿಧಾನದ ಮೂಲ ಲ್ಯಾಂಬ್ಡಾ ಎಂಬ ಬ್ಯಾಕ್ಟೀರಿಯೋಫೇಜ್‌ನಲ್ಲಿ, ಎಂದರೆ ಬ್ಯಾಕ್ಟೀರಿಯಾಕ್ಕೆ ಸೋಂಕು ತಗಲಿಸುವ ವೈರಸ್ಸಿನಲ್ಲಿ, ಇದೆ. ಈ ಫೇಜ್ ಇ. ಕೋಲಿಯ ವರ್ಣತಂತುವಿನ ಒಂದೇ ಒಂದು ಗೊತ್ತಾದ ಜಾಗದಲ್ಲಿ, ಗ್ಯಾಲ್ ಮತ್ತು ಬಯೋ ಜೀನುಗಳ ನಡುವೆ, ತನ್ನ ಡಿಎನ್‌ಎಯನ್ನು ಸೇರಿಸಿಕೊಳ್ಳುತ್ತದೆ. ಸಂದರ್ಭ ಬಂದಾಗ ಅಲ್ಲಿಂದಲೇ ಒಂದು ಬೇಸ್ ಕೂಡ ಹೆಚ್ಚುಕಡಿಮೆಯಾಗದಂತೆ ಹೊರಬರುತ್ತದೆ. ಫೇಜ್‌ನ ಡಿಎನ್‌ಎ ವೃತ್ತವಾಗಿ, ಒಂದೇ ಅಡ್ಡದಾಟುವಿಕೆಯಿಂದ ವರ್ಣತಂತುವಿನೊಳಗೆ ಸೇರುತ್ತದೆ ಎಂಬ ಮಾದರಿಯನ್ನು ಅಲನ್ ಕ್ಯಾಂಪ್‌ಬೆಲ್ 1962ರಲ್ಲಿ ಮುಂದಿಟ್ಟರು. ಹೋವರ್ಡ್ ನ್ಯಾಷ್ 1975ರಲ್ಲಿ ಅದೇ ಕ್ರಿಯೆಯನ್ನು ಜೀವಕೋಶದ ಹೊರಗೆ, ಕೊಳವೆಯಲ್ಲಿ ನಡೆಸಿ ತೋರಿಸಿದರು. ಜೇಮ್ಸ್ ಹಾರ್ಟ್ಲಿ, ಗ್ಯಾರಿ ಟೆಂಪಲ್ ಮತ್ತು ಮೈಕೆಲ್ ಬ್ರಾಶ್ 2000ದಲ್ಲಿ ಇದನ್ನು ಕ್ಲೋನಿಂಗ್‌ಗೆ ಬಳಸುವ ಪೂರ್ಣ ವಿಧಾನವನ್ನು ಪ್ರಕಟಿಸಿದರು. ಆ ಪ್ರಬಂಧದ ತರ್ಕ ಗೊತ್ತಿದ್ದರೆ ಕಿಟ್‌ನ ಕೈಪಿಡಿ ಅರ್ಥವಾಗುತ್ತದೆ. ಗೊತ್ತಿಲ್ಲದಿದ್ದರೆ ತೊಂದರೆ ಬಂದ ದಿನ ಕೈಪಿಡಿ ನೆರವಿಗೆ ಬರುವುದಿಲ್ಲ.

ತರ್ಕ ಹೀಗಿದೆ. ಎರಡು ಡಿಎನ್‌ಎಗಳು ಕೂಡಿಕೊಳ್ಳುವ ಈ ಜಾಗಗಳಿಗೆ ಅಟ್ ಸ್ಥಾನ ಎಂದು ಹೆಸರು. ಬ್ಯಾಕ್ಟೀರಿಯಾದ ಕಡೆಯ ಸ್ಥಾನ ಅಟ್‌ಬಿ, ಕೇವಲ 25 ಬೇಸ್‌ಗಳದ್ದು. ಫೇಜ್‌ನ ಕಡೆಯ ಸ್ಥಾನ ಅಟ್‌ಪಿ, ಇನ್ನೂರಕ್ಕೂ ಹೆಚ್ಚು ಬೇಸ್‌ಗಳದ್ದು. ಇಂಟಿಗ್ರೇಸ್ ಎಂಬ ಫೇಜ್‌ನ ಕಿಣ್ವವೂ ಐಎಚ್‌ಎಫ್ ಎಂಬ ಬ್ಯಾಕ್ಟೀರಿಯಾದ ಪ್ರೋಟೀನೂ ಸೇರಿ ಇವೆರಡನ್ನೂ ಕತ್ತರಿಸಿ ಅದಲುಬದಲು ಮಾಡಿ ಜೋಡಿಸಿದಾಗ ಅಟ್‌ಎಲ್ ಮತ್ತು ಅಟ್‌ಆರ್ ಎಂಬ ಎರಡು ಮಿಶ್ರ ಸ್ಥಾನಗಳು ಹುಟ್ಟುತ್ತವೆ. ಎಕ್ಸಿಸ್ ಎಂಬ ಮೂರನೆಯ ಪ್ರೋಟೀನನ್ನೂ ಸೇರಿಸಿದರೆ ಕ್ರಿಯೆ ತಿರುಗಿ, ಅಟ್‌ಎಲ್ ಮತ್ತು ಅಟ್‌ಆರ್‌ಗಳಿಂದ ಮತ್ತೆ ಅಟ್‌ಬಿ ಮತ್ತು ಅಟ್‌ಪಿ ಬರುತ್ತವೆ. ಮೊದಲನೆಯದಕ್ಕೆ ಬಿಪಿ ಕ್ರಿಯೆ ಎಂದೂ ಎರಡನೆಯದಕ್ಕೆ ಎಲ್‌ಆರ್ ಕ್ರಿಯೆ ಎಂದೂ ಹೆಸರು. ಕತ್ತರಿಸುವಾಗ ಎರಡು ಎಳೆಗಳ ನಡುವೆ ಏಳು ಬೇಸ್‌ಗಳ ಅಂತರವಿರುತ್ತದೆ, ಎದುರಿನ ಸ್ಥಾನದ ಆ ಏಳು ಬೇಸ್‌ಗಳೊಂದಿಗೆ ಅವು ಸರಿಹೊಂದಿದರೆ ಮಾತ್ರ ಜೋಡಣೆ ಪೂರ್ಣಗೊಳ್ಳುತ್ತದೆ. ಜೀನಿನ ತಲೆಯ ಕಡೆ ಇಡುವ ಅಟ್‌ಬಿ1ಕ್ಕೂ ಬಾಲದ ಕಡೆ ಇಡುವ ಅಟ್‌ಬಿ2ಕ್ಕೂ ಈ ಏಳರಲ್ಲಿ ಒಂದೇ ಒಂದು ಬೇಸ್‌ನ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಟಿ ಇರುವಲ್ಲಿ ಎರಡನೆಯದರಲ್ಲಿ ಸಿ ಇದೆ. ಅಷ್ಟರಿಂದಲೇ ಒಂದರ ಜೊತೆ ಒಂದು, ಎರಡರ ಜೊತೆ ಎರಡು ಮಾತ್ರ ಕೂಡುತ್ತವೆ ಮತ್ತು ಜೀನು ಎಂದೂ ತಲೆಕೆಳಗಾಗಿ ಸೇರುವುದಿಲ್ಲ. ಈ ವಿಧಾನದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ ಇದು.

ಇಪ್ಪತ್ತೈದು ಬೇಸ್‌ಗಳ ಕ್ರಮವೊಂದು ವೈರಸ್ ಜೀನಿನೊಳಗೆ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಇಲ್ಲವೆಂದೇ ಹೇಳಬಹುದು. ಹಾಗಾಗಿ ಯಾವ ಮಲೆಯ ತಳಿಯಾದರೂ ಒಂದೇ ವಿಧಾನ ಸಾಕು.

ಮೊದಲ ಕೆಲಸ ಪ್ರೈಮರ್‌ಗಳ, ಎಂದರೆ ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕನ್ನು ನಕಲಿಸಿ ಹೆಚ್ಚಿಸುವ ವಿಧಾನ) ನಕಲಿಗೆ ಆರಂಭ ಕೊಡುವ ಚಿಕ್ಕ ಡಿಎನ್‌ಎ ಎಳೆಗಳ, ವಿನ್ಯಾಸ. ಎಲ್ಲಕ್ಕಿಂತ ಹೆಚ್ಚು ಹೊತ್ತನ್ನು ಇದಕ್ಕೇ ಕೊಟ್ಟೆವು, ಕೊಡಬೇಕಾದದ್ದೂ ಇದಕ್ಕೇ. ಪ್ರತಿ ಪ್ರೈಮರ್‌ನ ಮುಂದೆ ನಾಲ್ಕು ಜಿ, ಅದರ ಹಿಂದೆ 25 ಬೇಸ್‌ಗಳ ಅಟ್‌ಬಿ, ಕೊನೆಗೆ ಜೀನಿಗೆ ಹೊಂದುವ ಇಪ್ಪತ್ತರಷ್ಟು ಬೇಸ್‌ಗಳು ಇರುತ್ತವೆ. ಒಟ್ಟು ಉದ್ದ ಐವತ್ತರ ಆಸುಪಾಸು. ಪ್ರೋಟೀನಿನ ತಲೆಗೆ ಹಿಸ್ಟಿಡಿನ್ ಗುರುತನ್ನು (ಪ್ರೋಟೀನನ್ನು ಶುದ್ಧಗೊಳಿಸಲು ಹಿಡಿಕೆಯಾಗುವ ತುಣುಕು) ಜೋಡಿಸುವ ವೆಕ್ಟರನ್ನು ಬಳಸುವವರು ಮೂರು ಮೂರು ಬೇಸ್‌ಗಳಾಗಿ ಓದುವ ಚೌಕಟ್ಟನ್ನು ಉಳಿಸಿಕೊಳ್ಳಲು ಅಟ್‌ಬಿ1ರ ನಂತರ ಇನ್ನೆರಡು ಬೇಸ್‌ಗಳನ್ನು ಸೇರಿಸಬೇಕು, ಏಕೆಂದರೆ 25 ಎಂಬುದು ಮೂರರಿಂದ ಭಾಗವಾಗುವುದಿಲ್ಲ. ಆ ಎರಡು ಬೇಸ್‌ಗಳು ಎಎ, ಎಜಿ ಅಥವಾ ಜಿಎ ಆಗಿರಬಾರದು. ಅಟ್‌ಬಿ1ರ ಕೊನೆಯ ಅಕ್ಷರ ಟಿ ಆದ್ದರಿಂದ, ಈ ಮೂರರಲ್ಲಿ ಯಾವುದನ್ನು ಹಾಕಿದರೂ ಅಲ್ಲೊಂದು ನಿಲುಗಡೆ ಸಂಕೇತ ಹುಟ್ಟಿ ಪ್ರೋಟೀನು ಆರಂಭವಾಗುವ ಮುನ್ನವೇ ಮುಗಿದುಹೋಗುತ್ತದೆ. ನಾವು ಟಿ ಮತ್ತು ಸಿ ಹಾಕಿದೆವು. ಹೀಗೆ ಮಾಡಿದಾಗ ಅಟ್‌ಬಿ1ರ ಭಾಗವೂ ಒಂಬತ್ತು ಅಮೈನೋ ಆಮ್ಲಗಳಾಗಿ ಓದಿಸಿಕೊಂಡು ಪ್ರೋಟೀನಿನಲ್ಲಿ ಉಳಿಯುತ್ತದೆ. ಕಿಣ್ವದ ಸೂಕ್ಷ್ಮ ಚಟುವಟಿಕೆಯನ್ನು ಅಳೆಯುವವರಿಗೆ ಇದು ತೊಡಕಾಗಬಹುದು; ಪ್ರತಿಕಾಯ ಪಡೆಯುವ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ಹೊರಕವಚದ ಜೀನಿಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಇಲ್ಲಿ ಹೇಳಬೇಕು. ಈ ವೈರಸ್ ಸೇರಿರುವ ಪಾಟಿವಿರಿಡೇ ಕುಟುಂಬದಲ್ಲಿ ಪ್ರೋಟೀನುಗಳೆಲ್ಲ ಒಂದೇ ಉದ್ದನೆಯ ಸರಪಳಿಯಾಗಿ ತಯಾರಾಗಿ ನಂತರ ತುಂಡಾಗುತ್ತವೆ. ಹೊರಕವಚದ ಭಾಗ ಸರಪಳಿಯ ಕೊನೆಯಲ್ಲಿದೆ. ಆದ್ದರಿಂದ ಅದಕ್ಕೆ ತನ್ನದೇ ಆದ ಆರಂಭ ಸಂಕೇತವಿಲ್ಲ, ಆದರೆ ನಿಲುಗಡೆ ಸಂಕೇತವಿದೆ. ತಲೆಗೆ ಗುರುತು ಜೋಡಿಸುವ ವೆಕ್ಟರ್‌ನಲ್ಲಿ ಆರಂಭ ಸಂಕೇತ ವೆಕ್ಟರ್‌ನದೇ ಆಗಿರುವುದರಿಂದ ಜೀನಿಗೆ ಏನನ್ನೂ ಸೇರಿಸಬೇಕಾಗಲಿಲ್ಲ; ಬಾಲದ ಕಡೆಯ ಪ್ರೈಮರ್‌ನಲ್ಲಿ ವೈರಸ್ಸಿನ ನಿಲುಗಡೆಯನ್ನು ಹಾಗೆಯೇ ಉಳಿಸಿಕೊಂಡೆವು. ಬಾಲಕ್ಕೆ ಗುರುತು ಬೇಕೆನ್ನುವವರು ಆ ನಿಲುಗಡೆಯನ್ನು ತೆಗೆಯಬೇಕು ಮತ್ತು ಅಟ್‌ಬಿ2ರ ಬಳಿ ಚೌಕಟ್ಟು ಹೊಂದಿಸಲು ಒಂದು ಬೇಸ್ ಸೇರಿಸಬೇಕು. ಎಂಟ್ರಿ ಕ್ಲೋನ್ (ಬಿಪಿ ಕ್ರಿಯೆಯಿಂದ ಬರುವ, ಜೀನನ್ನು ಹೊತ್ತ ಮೊದಲ ಪ್ಲಾಸ್ಮಿಡ್) ತಯಾರಾದ ನಂತರ ಈ ತೀರ್ಮಾನಗಳನ್ನು ಬದಲಿಸಲಾಗದು. ಮುಂದೆ ಯಾವ ಯಾವ ವೆಕ್ಟರ್‌ಗಳು ಬೇಕಾಗಬಹುದೆಂದು ಪ್ರೈಮರ್ ಬರೆಯುವ ದಿನವೇ ಯೋಚಿಸಿರಬೇಕು.

ಎಲೆಗಳನ್ನು ಗಾಳಿಬೀಡಿನ ಕಡೆಯ ಒಂದು ಏಲಕ್ಕಿ ಮಲೆಯಿಂದ, ಮಳೆ ಹಿಡಿಯುವ ಮುನ್ನ, ಗೀರುಗಳು ಸ್ಪಷ್ಟವಾಗಿದ್ದ ಎಳೆಯ ಸುಳಿಗಳಿಂದ ತಂದೆವು. ಏಲಕ್ಕಿ ಎಲೆಯಲ್ಲಿ ಫೀನಾಲ್ ಅಂಶವೂ ಲೋಳೆಯೂ ಹೆಚ್ಚಿರುವುದರಿಂದ ಆರ್‌ಎನ್‌ಎ ತೆಗೆಯಲು ಸಿಟ್ಯಾಬ್ ಎಂಬ ಮಾರ್ಜಕದ ದ್ರಾವಣಕ್ಕೆ, ಫೀನಾಲ್‌ನ ತೊಂದರೆ ತಡೆಯುವ ಪಿವಿಪಿ ಮತ್ತು ಮರ್ಕ್ಯಾಪ್ಟೋಎಥನಾಲ್ ಸೇರಿಸಿ, ಲಿಥಿಯಂ ಕ್ಲೋರೈಡ್‌ನಿಂದ ತಳಕ್ಕಿಳಿಸಿದೆವು. ವೈರಸ್ಸಿನ ಆರ್‌ಎನ್‌ಎಗೆ ಕೊನೆಯಲ್ಲಿ ಎ ಅಕ್ಷರಗಳ ಬಾಲವಿದೆ, ಹೊರಕವಚದ ಜೀನು ಆ ಬಾಲದ ಸಮೀಪದಲ್ಲೇ ಇದೆ. ಹಾಗಾಗಿ ಟಿ ಅಕ್ಷರಗಳ ಪ್ರೈಮರ್‌ನಿಂದ ಸಿಡಿಎನ್‌ಎ, ಎಂದರೆ ಆರ್‌ಎನ್‌ಎಯ ಡಿಎನ್‌ಎ ಪ್ರತಿ, ತಯಾರಿಸುವುದು ಸುಲಭ. ಪಿಸಿಆರ್‌ಗೆ ತಿದ್ದುವ ಗುಣವಿರುವ ಪಾಲಿಮರೇಸ್ ಬಳಸಿ, ಮೊದಲ ಕೆಲವು ಸುತ್ತುಗಳಲ್ಲಿ ಪ್ರೈಮರ್‌ನ ಜೀನಿಗೆ ಹೊಂದುವ ಭಾಗಕ್ಕೆ ತಕ್ಕ ತಾಪವನ್ನೂ ನಂತರ ಪೂರ್ಣ ಪ್ರೈಮರ್‌ಗೆ ತಕ್ಕ ಹೆಚ್ಚಿನ ತಾಪವನ್ನೂ ಇಟ್ಟೆವು. ಅಟ್ ತುದಿಗಳೂ ಸೇರಿ ಸುಮಾರು 760 ಬೇಸ್‌ಗಳ ತುಣುಕು, ಡಿಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಕಾಣಿಸಿತು.

ಅದರ ಕೆಳಗೆ ಮಸುಕಾದ ಒಂದು ಮಂಜುಪಟ್ಟಿಯೂ ಇತ್ತು. ಉದ್ದ ಪ್ರೈಮರ್‌ಗಳು ಒಂದಕ್ಕೊಂದು ಅಂಟಿ ಬೆಳೆದ ಚಿಕ್ಕ ತುಣುಕುಗಳು ಅವು, ಸಾಧಾರಣ ಪಿಸಿಆರ್‌ನಲ್ಲಾದರೆ ಯಾರೂ ಅವನ್ನು ಲೆಕ್ಕಕ್ಕೆ ಇಡುವುದಿಲ್ಲ. ಇಲ್ಲಿ ಅವುಗಳ ಎರಡೂ ತುದಿಗಳಲ್ಲಿ ಅಟ್‌ಬಿ ಇರುವುದರಿಂದ ಅವು ಜೀನಿಗಿಂತ ಚುರುಕಾಗಿ ವೆಕ್ಟರ್‌ ಸೇರುತ್ತವೆ. ತಟ್ಟೆ ತುಂಬ ಕಾಲೊನಿಗಳು ಬಂದರೂ ಒಳಗೆ ಜೀನಿರುವುದಿಲ್ಲ. ಇವನ್ನು ತೆಗೆಯಲು ದುಬಾರಿ ಕಾಲಮ್ ಬೇಕಿಲ್ಲ. ಶೇಕಡ 30ರ ಪಿಇಜಿ 8000 (ಡಿಎನ್‌ಎಯನ್ನು ತಳಕ್ಕಿಳಿಸುವ ಪಾಲಿಮರ್) ಮತ್ತು 30 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರುವ ದ್ರಾವಣ ಸಾಕು. 50 ಮೈಕ್ರೊಲೀಟರ್ ಪಿಸಿಆರ್‌ಗೆ 150 ಮೈಕ್ರೊಲೀಟರ್ ಟಿಇ (ಡಿಎನ್‌ಎ ಇಡುವ ಬಫರ್), ನಂತರ 100 ಮೈಕ್ರೊಲೀಟರ್ ಪಿಇಜಿ ದ್ರಾವಣ ಸೇರಿಸಿ, ಚೆನ್ನಾಗಿ ಬೆರೆಸಿ, 10,000 ಜಿ ವೇಗದಲ್ಲಿ 15 ನಿಮಿಷ ತಿರುಗಿಸಿದರೆ 300 ಬೇಸ್‌ಗಿಂತ ಚಿಕ್ಕ ತುಣುಕುಗಳು ಮೇಲಿನ ನೀರಿನಲ್ಲೇ ಉಳಿದುಹೋಗುತ್ತವೆ. ತಳದಲ್ಲಿ ಕೂರುವ ಡಿಎನ್‌ಎ ಗಾಜಿನಂತೆ ಪಾರದರ್ಶಕವಾಗಿದ್ದು ಕಾಣುವುದೇ ಕಷ್ಟ. ಕೊಳವೆಯ ಹೊರಗೋಡೆಗೆ ಮೊದಲೇ ಗುರುತು ಹಾಕಿಕೊಂಡು, ನೀರನ್ನು ಎದುರು ಬದಿಯಿಂದ ತೆಗೆಯಬೇಕು.

ಇನ್ನು ಬಿಪಿ ಕ್ರಿಯೆ. ಡೋನರ್ ವೆಕ್ಟರ್ (ಜೀನನ್ನು ಮೊದಲು ಪಡೆಯುವ ಪ್ಲಾಸ್ಮಿಡ್) ಆಗಿ ಪಿ-ಡೋನರ್-221 ಬಳಸಿದೆವು. ಅದರಲ್ಲಿ ಕ್ಯಾನಮೈಸಿನ್ ಎಂಬ ಪ್ರತಿಜೈವಿಕವನ್ನು ತಡೆಯುವ ಜೀನಿದೆ. ಅಟ್‌ಪಿ1 ಮತ್ತು ಅಟ್‌ಪಿ2ರ ನಡುವೆ ಕ್ಲೋರಂಫೆನಿಕಾಲ್ ತಡೆಯುವ ಜೀನೂ ಸಿಸಿಡಿ-ಬಿ ಎಂಬ ವಿಷದ ಜೀನೂ ಇವೆ. ಸಿಸಿಡಿ-ಬಿ ಪ್ರೋಟೀನು ಬ್ಯಾಕ್ಟೀರಿಯಾದ ಡಿಎನ್‌ಎ ಗೈರೇಸ್ ಕಿಣ್ವವನ್ನು ಹಿಡಿದು ಕೋಶವನ್ನು ಕೊಲ್ಲುತ್ತದೆ. ಕ್ರಿಯೆ ನಡೆದಾಗ ನಮ್ಮ ಜೀನು ಒಳಗೆ ಬಂದು ವಿಷದ ತುಣುಕು ಹೊರಹೋಗುತ್ತದೆ. ಕ್ರಿಯೆ ನಡೆಯದ ವೆಕ್ಟರ್ ಹೊಕ್ಕ ಕೋಶ ಸಾಯುತ್ತದೆ. ಕ್ಯಾನಮೈಸಿನ್ ತಟ್ಟೆಯ ಮೇಲೆ ಬೆಳೆಯುವುದೆಲ್ಲವೂ ಹೆಚ್ಚುಕಡಿಮೆ ನಮಗೆ ಬೇಕಾದದ್ದೇ ಆಗಿರುವುದಕ್ಕೆ ಕಾರಣ ಈ ವಿಷ. ಎಫ್ ಪ್ಲಾಸ್ಮಿಡ್ ಇರುವ ಇ. ಕೋಲಿ ತಳಿಗಳಲ್ಲಿ ಇದರ ಪ್ರತಿವಿಷವೂ ಇರುವುದರಿಂದ ಅವನ್ನು ಇಲ್ಲಿ ಬಳಸುವಂತಿಲ್ಲ. ನಾವು ಬಳಸಿದ್ದು ಡಿಎಚ್5-ಆಲ್ಫಾ.

ತೂಕದ ಲೆಕ್ಕ ಸರಳ: ಫೆಮ್ಟೊಮೋಲ್ (ಅಣುಗಳ ಎಣಿಕೆಯ ಅಳತೆ) ಸಂಖ್ಯೆಯನ್ನು ಬೇಸ್‌ಗಳ ಉದ್ದದಿಂದಲೂ 660ರಿಂದಲೂ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ನ್ಯಾನೊಗ್ರಾಂ ಸಿಗುತ್ತದೆ. 50 ಫೆಮ್ಟೊಮೋಲ್‌ಗೆ ನಮ್ಮ ತುಣುಕು ಸುಮಾರು 25 ನ್ಯಾನೊಗ್ರಾಂ, ವೆಕ್ಟರ್ ಸುಮಾರು 150 ನ್ಯಾನೊಗ್ರಾಂ ಬೇಕಾಯಿತು. ಎರಡನ್ನೂ ಟಿಇಯಲ್ಲಿ 8 ಮೈಕ್ರೊಲೀಟರ್‌ಗೆ ತಂದು, ಇಂಟಿಗ್ರೇಸ್ ಮತ್ತು ಐಎಚ್‌ಎಫ್ ಇರುವ ಬಿಪಿ ಕ್ಲೋನೇಸ್ ಮಿಶ್ರಣವನ್ನು 2 ಮೈಕ್ರೊಲೀಟರ್ ಸೇರಿಸಿ, 25 ಡಿಗ್ರಿಯಲ್ಲಿ ಇಡಬೇಕು.

ಬಯಲುಸೀಮೆಯ ಪ್ರಯೋಗಾಲಯಗಳಲ್ಲಿ 25 ಡಿಗ್ರಿ ಎಂದರೆ ಕೊಳವೆಯನ್ನು ಮೇಜಿನ ಮೇಲೆ ಬಿಡುವುದು ಎಂದು ಅರ್ಥ. ಕಕ್ಕಡ ತಿಂಗಳ ಮಡಿಕೇರಿಯಲ್ಲಿ ಹಾಗಲ್ಲ. ಸಾವಿರ ಮೀಟರ್‌ಗೂ ಎತ್ತರದ ಈ ಊರಿನಲ್ಲಿ, ಆ ದಿನಗಳಲ್ಲಿ ನಮ್ಮ ಮೇಜಿನ ಮೇಲಿನ ತಾಪಮಾಪಕ 19ರ ಆಸುಪಾಸಿನಲ್ಲಿತ್ತು. ಇಂಟಿಗ್ರೇಸ್ ಆ ತಾಪದಲ್ಲಿ ನಿಧಾನವಾಗುತ್ತದೆ. ಥರ್ಮಲ್ ಸೈಕ್ಲರನ್ನು 25ಕ್ಕೆ ಇಡಬಹುದಿತ್ತು, ಆದರೆ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುವುದೆಂದು ಹೇಳಲು ಬರುವುದಿಲ್ಲ. ಆದ್ದರಿಂದ ಒಂದು ಲೀಟರ್‌ನ ಥರ್ಮಾಸ್ ಫ್ಲಾಸ್ಕ್‌ನಲ್ಲಿ 25 ಡಿಗ್ರಿಯ ನೀರು ತುಂಬಿ, ಕೊಳವೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದರೊಳಗೆ ಇಳಿಬಿಟ್ಟೆವು. ಒಂದು ಗಂಟೆಯ ನಂತರವೂ ನೀರಿನ ತಾಪ ಗಮನಿಸುವಷ್ಟು ಇಳಿದಿರಲಿಲ್ಲ. ರಾತ್ರಿಯಿಡೀ ಇಡಬೇಕಾದಾಗ ಫ್ಲಾಸ್ಕನ್ನೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟೆವು. ನಮ್ಮಲ್ಲಿ ಮೈನಸ್ 80ರ ಫ್ರೀಜರ್ ಇಲ್ಲದ ಕಾರಣ ಕಾಂಪಿಟೆಂಟ್ ಕೋಶಗಳನ್ನು (ಹೊರಗಿನ ಡಿಎನ್‌ಎಯನ್ನು ಒಳಗೆ ಬಿಟ್ಟುಕೊಳ್ಳುವಂತೆ ಸಿದ್ಧಪಡಿಸಿದ ಬ್ಯಾಕ್ಟೀರಿಯಾ) ಆಯಾ ದಿನವೇ ಕ್ಯಾಲ್ಸಿಯಂ ಕ್ಲೋರೈಡ್‌ನಿಂದ ತಯಾರಿಸುತ್ತೇವೆ. ಅವುಗಳ ಸಾಮರ್ಥ್ಯ ಕಂಪನಿಯ ಕೋಶಗಳಿಗಿಂತ ಬಹಳ ಕಡಿಮೆ. ಈ ಕೊರತೆಯನ್ನು ತುಂಬಲು ಬಿಪಿ ಕ್ರಿಯೆಯನ್ನು ರಾತ್ರಿಯಿಡೀ ನಡೆಸುವುದೇ ಸರಿಯಾದ ಉಪಾಯ, ಅದರಿಂದ ಕಾಲೊನಿಗಳ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ. ಬೆಳಿಗ್ಗೆ 1 ಮೈಕ್ರೊಲೀಟರ್ ಪ್ರೋಟೀನೇಸ್-ಕೆ ಹಾಕಿ 37 ಡಿಗ್ರಿಯಲ್ಲಿ 10 ನಿಮಿಷ ಇಡುವುದನ್ನು ಬಿಡಬಾರದು; ಡಿಎನ್‌ಎಗೆ ಬಿಗಿಯಾಗಿ ಅಂಟಿರುವ ಇಂಟಿಗ್ರೇಸನ್ನು ಬಿಡಿಸುವುದು ಅದೇ.

ಕ್ಲೋನೇಸ್ ಹಾಕದ ಕೊಳವೆಯ ತಟ್ಟೆ ಬಹುತೇಕ ಖಾಲಿಯಾಗಿತ್ತು, ಹಾಕಿದ್ದರಲ್ಲಿ ಬಿಡಿಬಿಡಿಯಾದ ಕಾಲೊನಿಗಳು ಧಾರಾಳವಾಗಿ ಬಂದಿದ್ದವು. ಪ್ಲಾಸ್ಮಿಡ್‌ಗಳನ್ನು ತೆಗೆದು ಬಿಎಸ್‌ಆರ್‌ಜಿ-1 ಎಂಬ ಕಿಣ್ವದಿಂದ ಕತ್ತರಿಸಿದೆವು. ಈ ಕಿಣ್ವ ಗುರುತಿಸುವ ಆರು ಬೇಸ್‌ಗಳ ಕ್ರಮ ಅಟ್ ಸ್ಥಾನಗಳ ಒಳಗೇ ಇರುವುದರಿಂದ, ಎಂಟ್ರಿ ಕ್ಲೋನ್ ಆಗಲಿ, ಮುಂದೆ ಪ್ರೋಟೀನು ತಯಾರಿಸುವ ಎಕ್ಸ್‌ಪ್ರೆಷನ್ ಕ್ಲೋನ್ ಆಗಲಿ, ಜೀನು ಒಂದೇ ತುಣುಕಾಗಿ ಹೊರಬರುತ್ತದೆ. ಪುನಸ್ಸಂಯೋಜನೆಯನ್ನು ನಂಬಿ ಕೆಲಸ ಮಾಡುವವರು ರೆಸ್ಟ್ರಿಕ್ಷನ್ ಕಿಣ್ವಗಳಲ್ಲಿ ಒಂದನ್ನು ಮಾತ್ರ ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸರಿಯಾದ ಗಾತ್ರ ತೋರಿಸಿದ ಪ್ಲಾಸ್ಮಿಡ್ಡನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಬೆಂಗಳೂರಿಗೆ ಸೀಕ್ವೆನ್ಸಿಂಗ್‌ಗೆ, ಎಂದರೆ ಬೇಸ್‌ಗಳ ಕ್ರಮ ಓದಿಸಲು, ಕಳಿಸಿದೆವು. ಎರಡೂ ತುದಿಗಳಿಂದ ಓದಿಸಿದಾಗ ಚೌಕಟ್ಟು ಸರಿಯಾಗಿರುವುದು ಖಚಿತವಾಯಿತು. ಹೀಗೆ ಒಮ್ಮೆ ಪರಿಶೀಲಿಸಿದ ಎಂಟ್ರಿ ಕ್ಲೋನ್ ಸಸಿಮಡಿಯ ಹಾಗೆ: ಯಾವ ಗದ್ದೆಗೆ ಬೇಕಾದರೂ ಅಲ್ಲಿಂದಲೇ ಕಿತ್ತು ನೆಡಬಹುದು, ಬೀಜವನ್ನು ಮತ್ತೆ ಪರೀಕ್ಷಿಸಬೇಕಾಗಿಲ್ಲ. ಮುಂದಿನ ಎಲ್‌ಆರ್ ಕ್ರಿಯೆಯಲ್ಲಿ ಪಿಸಿಆರ್ ಇರುವುದಿಲ್ಲವಾದ್ದರಿಂದ ಹೊಸ ತಪ್ಪುಗಳು ಜೀನಿನೊಳಗೆ ನುಸುಳುವುದಿಲ್ಲ.

ಮೊದಲ ಎಲ್‌ಆರ್ ಕ್ರಿಯೆ ಪಿ-ಡೆಸ್ಟ್-17ಕ್ಕೆ. ತಲೆಗೆ ಆರು ಹಿಸ್ಟಿಡಿನ್ ಸೇರಿಸುವ, ಆಂಪಿಸಿಲಿನ್ ತಡೆಯುವ ಈ ಡೆಸ್ಟಿನೇಷನ್ ವೆಕ್ಟರ್‌ನಲ್ಲಿ (ಜೀನು ಕೊನೆಗೆ ಸೇರುವ ಪ್ಲಾಸ್ಮಿಡ್‌ನಲ್ಲಿ) ಅಟ್‌ಆರ್1 ಮತ್ತು ಅಟ್‌ಆರ್2ರ ನಡುವೆ ಅದೇ ವಿಷ ಮತ್ತು ಅದೇ ಕ್ಲೋರಂಫೆನಿಕಾಲ್ ಜೀನು ಇವೆ. ಈ ಹಂತ ಯಾವ ತೊಡಕೂ ಇಲ್ಲದೆ ಮುಗಿಯಿತು. ಬಂದ ಕಾಲೊನಿಗಳನ್ನು ಆಂಪಿಸಿಲಿನ್, ಕ್ಲೋರಂಫೆನಿಕಾಲ್ ಮತ್ತು ಕ್ಯಾನಮೈಸಿನ್ ತಟ್ಟೆಗಳ ಮೇಲೆ ಹಲ್ಲುಕಡ್ಡಿಯಿಂದ ಒಂದೇ ಕ್ರಮದಲ್ಲಿ ಮುಟ್ಟಿಸಿದೆವು. ನಿಜವಾದ ಎಕ್ಸ್‌ಪ್ರೆಷನ್ ಕ್ಲೋನ್ ಮೊದಲನೆಯದರ ಮೇಲೆ ಮಾತ್ರ ಬೆಳೆಯಬೇಕು. ಮುಂದೆ ಬಂದ ತೊಂದರೆಯನ್ನು ಪತ್ತೆಮಾಡಿಕೊಟ್ಟದ್ದು ಈ ಅಗ್ಗದ ಪರೀಕ್ಷೆಯೇ. ಬಿಎಲ್21-ಎಐ ತಳಿಯಲ್ಲಿ, ಜೀನನ್ನು ಚಾಲೂ ಮಾಡುವ ಅರಾಬಿನೋಸ್ ಸಕ್ಕರೆ ಕೊಟ್ಟು 37 ಡಿಗ್ರಿಯಲ್ಲಿ ಬೆಳೆಸಿದಾಗ ಪ್ರೋಟೀನು ಹೇರಳವಾಗಿ ಬಂದರೂ ಎಲ್ಲವೂ ಕರಗದ ಮುದ್ದೆಯಾಗಿ ತಳದಲ್ಲಿ ಕುಳಿತಿತ್ತು. ಯೂರಿಯಾದಲ್ಲಿ ಕರಗಿಸಿ ಮುಂದುವರಿಯುವ ದಾರಿಯೂ ಇದೆ. ಆದರೆ ಎಲೆಯ ರಸದಲ್ಲಿರುವ ವೈರಸ್ಸಿನ ಸಹಜ ರೂಪವನ್ನು ಗುರುತಿಸುವ ಪ್ರತಿಕಾಯ ಬೇಕಾದರೆ ಕರಗಿದ ಪ್ರೋಟೀನೇ ಮೇಲು ಎಂದು ತೀರ್ಮಾನಿಸಿ, ಪ್ರೋಟೀನು ಕರಗಿರಲು ನೆರವಾಗುವ ಎಂಬಿಪಿಯನ್ನು (ಮಾಲ್ಟೋಸ್ ಹಿಡಿಯುವ ಇ. ಕೋಲಿ ಪ್ರೋಟೀನು) ತಲೆಗೆ ಜೋಡಿಸುವ ಇನ್ನೊಂದು ಡೆಸ್ಟಿನೇಷನ್ ವೆಕ್ಟರನ್ನು ಬೇರೊಂದು ಪ್ರಯೋಗಾಲಯದಿಂದ ಕೇಳಿ ತರಿಸಿದೆವು.

ತೊಂದರೆ ಇದ್ದದ್ದು ಅದರಲ್ಲಿ. ಎಲ್‌ಆರ್ ಕ್ರಿಯೆಯ ತಟ್ಟೆ ಕಾಲೊನಿಗಳಿಂದ ಕಿಕ್ಕಿರಿದಿತ್ತು. ಕ್ಲೋನೇಸ್ ಹಾಕದ ತಟ್ಟೆಯೂ ಅಷ್ಟೇ ಕಿಕ್ಕಿರಿದಿತ್ತು. ಮುಟ್ಟಿಸಿ ನೋಡಿದರೆ ಹೆಚ್ಚಿನವು ಕ್ಲೋರಂಫೆನಿಕಾಲ್ ಮೇಲೆ ಬೆಳೆದವು. ಎಂದರೆ ವಿಷದ ತುಣುಕು ವೆಕ್ಟರ್‌ನಲ್ಲೇ ಉಳಿದಿದೆ, ಆದರೆ ಅದರೊಳಗಿನ ಸಿಸಿಡಿ-ಬಿ ಕೊಲ್ಲುತ್ತಿಲ್ಲ. ವೆಕ್ಟರನ್ನಷ್ಟೇ ಸಮಪ್ರಮಾಣದಲ್ಲಿ ಡಿಎಚ್5-ಆಲ್ಫಾಗೂ, ಗೈರೇಸ್‌ನಲ್ಲಿ ಮಾರ್ಪಾಡಿರುವುದರಿಂದ ವಿಷವನ್ನು ತಾಳಿಕೊಳ್ಳುವ ಡಿಬಿ3.1 ತಳಿಗೂ ಹಾಕಿದಾಗ ಎರಡರಲ್ಲೂ ಕಾಲೊನಿಗಳು ಒಂದೇ ಸಮನಾಗಿ ಬಂದವು. ವಿಷ ಜೀವಂತವಾಗಿದ್ದರೆ ಮೊದಲನೆಯದರಲ್ಲಿ ಬೆರಳೆಣಿಕೆಯಷ್ಟೂ ಬರಬಾರದಿತ್ತು. ವಿಚಾರಿಸಿದಾಗ, ಆ ವೆಕ್ಟರನ್ನು ಹಿಂದೊಮ್ಮೆ ಸಾಧಾರಣ ತಳಿಯಲ್ಲಿ ಬೆಳೆಸಿ ಹೆಚ್ಚಿಸಿದ್ದರೆಂದು ತಿಳಿಯಿತು. ಸಾಧಾರಣ ತಳಿಯಲ್ಲಿ ಸಿಸಿಡಿ-ಬಿ ಕೆಟ್ಟಿರುವ ಪ್ಲಾಸ್ಮಿಡ್ ಹೊತ್ತ ಕೋಶ ಮಾತ್ರ ಬದುಕುತ್ತದೆ. ಆದ್ದರಿಂದ ಅಲ್ಲಿಂದ ತೆಗೆದ ಡಿಎನ್‌ಎ ಎಲ್ಲವೂ ಕೆಟ್ಟದ್ದೇ ಆಗಿರುತ್ತದೆ. ಡೆಸ್ಟಿನೇಷನ್ ವೆಕ್ಟರನ್ನು ಹಂಚಿಕೊಳ್ಳುವವರು ಬ್ಯಾಕ್ಟೀರಿಯಾ ತಳಿಯ ಹೆಸರನ್ನು ಕೊಳವೆಯ ಮೇಲೆಯೇ ಬರೆಯಬೇಕು.

ನಮ್ಮ ತುರ್ತು ಕೆಲಸಕ್ಕೆ ಈ ಕೆಟ್ಟ ವೆಕ್ಟರ್ ಕೂಡ ಸಾಕಾಗಿತ್ತು. ವಿಷ ಸತ್ತಿದ್ದರೂ ಅಟ್‌ಆರ್ ಸ್ಥಾನಗಳು ಸರಿಯಾಗಿಯೇ ಇದ್ದವು, ಕ್ರಿಯೆ ನಡೆದ ಪ್ಲಾಸ್ಮಿಡ್‌ಗಳು ನಡೆಯದವುಗಳ ಗುಂಪಿನಲ್ಲಿ ಬೆರೆತಿದ್ದವು. ತಾಳ್ಮೆಯಿಂದ ಕಾಲೊನಿಗಳನ್ನು ಮುಟ್ಟಿಸುತ್ತ ಹೋದಾಗ, ಕ್ಲೋರಂಫೆನಿಕಾಲ್‌ಗೂ ಕ್ಯಾನಮೈಸಿನ್‌ಗೂ ಸಾಯುವ ಕೆಲವು ಸಿಕ್ಕವು. ಬಿಎಸ್‌ಆರ್‌ಜಿ-1ರಿಂದ ಕತ್ತರಿಸಿದಾಗ ಅವುಗಳಿಂದ ನಮ್ಮ ಜೀನು ಹೊರಬಂತು. ಆದರೆ ಬೇರೆ ಮಲೆಗಳ ತಳಿಗಳಿಗೂ, ಮುಂದೆ ಏಲಕ್ಕಿಯದೇ ಇನ್ನೊಂದು ರೋಗವಾದ ಕೊಕ್ಕೆ ಕಂದಿನ ವೈರಸ್ಸಿಗೂ ಇದೇ ವೆಕ್ಟರ್ ಬೇಕು. ಪ್ರತಿ ಸಲವೂ ಹೀಗೆ ಹುಡುಕಿ ತೆಗೆಯುವುದು ಈ ವಿಧಾನವನ್ನು ಆರಿಸಿದ ಉದ್ದೇಶವನ್ನೇ ಕೆಡಿಸುತ್ತದೆ. ಅದಕ್ಕಾಗಿ ವೆಕ್ಟರನ್ನು ಸರಿಪಡಿಸಲು ನಿರ್ಧರಿಸಿದೆವು.

ಸರಿಪಡಿಸುವ ದಾರಿ ಕ್ರಿಯೆಯ ತಿರುಗುವ ಗುಣದಲ್ಲೇ ಇದೆ. ಎಕ್ಸ್‌ಪ್ರೆಷನ್ ಕ್ಲೋನ್‌ನಲ್ಲಿ ನಮ್ಮ ಜೀನು ಈಗ ಅಟ್‌ಬಿ1 ಮತ್ತು ಅಟ್‌ಬಿ2ರ ನಡುವೆ ಇದೆ. ಅದನ್ನು ಆರೋಗ್ಯವಂತ ಪಿ-ಡೋನರ್-221ರೊಂದಿಗೆ ಸೇರಿಸಿ ಬಿಪಿ ಕ್ರಿಯೆ ನಡೆಸಿದರೆ, ಜೀನು ಡೋನರ್ ವೆಕ್ಟರ್‌ಗೆ ಹೋಗಿ ಮತ್ತೆ ಎಂಟ್ರಿ ಕ್ಲೋನ್ ಆಗುತ್ತದೆ, ಡೋನರ್‌ನ ಒಳಗಿದ್ದ ಜೀವಂತ ಸಿಸಿಡಿ-ಬಿ ತುಣುಕು ಅಟ್‌ಆರ್ ಸ್ಥಾನಗಳೊಂದಿಗೆ ಎಂಬಿಪಿ ವೆಕ್ಟರ್‌ ಒಳಗೆ ಬಂದು ಕೂರುತ್ತದೆ. ಎಲ್ಲರೂ ಉಪ ಉತ್ಪನ್ನವೆಂದು ಬಿಟ್ಟುಬಿಡುವ ಆ ಎರಡನೆಯ ಪ್ಲಾಸ್ಮಿಡ್ಡೇ ಇಲ್ಲಿ ನಮಗೆ ಬೇಕಾದದ್ದು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಕ್ಸ್‌ಪ್ರೆಷನ್ ಕ್ಲೋನ್‌ನಿಂದ ಬಿಪಿ ಮಾಡುವಾಗ ಅದನ್ನು ಮೊದಲು ಕತ್ತರಿಸಿ ನೇರ ಎಳೆಯಾಗಿಸಿದರೆ ಕ್ರಿಯೆ ಚುರುಕಾಗುತ್ತದೆ ಎಂದು ಕೈಪಿಡಿ ಹೇಳುತ್ತದೆ. ಎಂಟ್ರಿ ಕ್ಲೋನ್ ಬೇಕಾದವರಿಗೆ ಆ ಸಲಹೆ ಸರಿ. ವೆಕ್ಟರನ್ನು ಮರಳಿ ಪಡೆಯುವವರು ಹಾಗೆ ಮಾಡಿದರೆ ಬೇಕಾದ ವೆಕ್ಟರೂ ನೇರ ಎಳೆಯಾಗಿಯೇ ಹೊರಬಂದು ಬ್ಯಾಕ್ಟೀರಿಯಾದಲ್ಲಿ ಉಳಿಯುವುದಿಲ್ಲ. ಆದ್ದರಿಂದ ಪ್ಲಾಸ್ಮಿಡ್ಡನ್ನು ವೃತ್ತವಾಗಿಯೇ ಇಟ್ಟು, ನಿಧಾನವನ್ನು ಒಪ್ಪಿಕೊಂಡು, ರಾತ್ರಿಯಿಡೀ ಫ್ಲಾಸ್ಕ್‌ನಲ್ಲಿ ಬಿಟ್ಟೆವು. ಪ್ರೋಟೀನೇಸ್-ಕೆ ನಂತರ ಡಿಎನ್‌ಎಯನ್ನು ಚೆನ್ನಾಗಿ ತೆಳುವಾಗಿಸಿ ಡಿಬಿ3.1 ಕೋಶಗಳಿಗೆ ಹಾಕಿ, ಪ್ರತಿ ಮಿಲಿಲೀಟರ್‌ಗೆ 100 ಮೈಕ್ರೊಗ್ರಾಂ ಆಂಪಿಸಿಲಿನ್ ಮತ್ತು 30 ಮೈಕ್ರೊಗ್ರಾಂ ಕ್ಲೋರಂಫೆನಿಕಾಲ್ ಎರಡೂ ಇರುವ ತಟ್ಟೆಯ ಮೇಲೆ ಹರಡಿದೆವು. ತೆಳುವಾಗಿಸಲು ಕಾರಣವಿದೆ: ಕ್ರಿಯೆ ನಡೆಯದ ಎಕ್ಸ್‌ಪ್ರೆಷನ್ ಕ್ಲೋನ್ ಮತ್ತು ಕ್ರಿಯೆ ನಡೆಯದ ಡೋನರ್ ಎರಡೂ ಒಂದೇ ಕೋಶವನ್ನು ಹೊಕ್ಕರೆ, ಆಂಪಿಸಿಲಿನ್ ಒಂದರಿಂದ ಕ್ಲೋರಂಫೆನಿಕಾಲ್ ಇನ್ನೊಂದರಿಂದ ತಡೆದುಕೊಂಡು ಅದೂ ಬೆಳೆಯುತ್ತದೆ. ಅಂಥವನ್ನು ಕ್ಯಾನಮೈಸಿನ್ ಬಯಲುಮಾಡುತ್ತದೆ. ಬಂದ ಕಾಲೊನಿಗಳನ್ನು ಕ್ಯಾನಮೈಸಿನ್ ಮೇಲೆ ಮುಟ್ಟಿಸಿ, ಅಲ್ಲಿ ಬೆಳೆಯದವನ್ನು ಮಾತ್ರ ಇಟ್ಟುಕೊಂಡು, ಅವುಗಳ ಪ್ಲಾಸ್ಮಿಡ್ ತೆಗೆದು ಮತ್ತೊಮ್ಮೆ ಡಿಬಿ3.1ಕ್ಕೆ ಹಾಕಿ ಒಂಟಿ ಕಾಲೊನಿಯಿಂದ ಬೆಳೆಸಿದೆವು.

ಪರೀಕ್ಷೆ ಮತ್ತೆ ಅದೇ: ಸಮಪ್ರಮಾಣದ ಡಿಎನ್‌ಎ, ಎರಡು ತಳಿಗಳು, ಎರಡು ತಟ್ಟೆಗಳು. ಈ ಬಾರಿ ಡಿಬಿ3.1 ತಟ್ಟೆ ತುಂಬಿತ್ತು, ಡಿಎಚ್5-ಆಲ್ಫಾ ತಟ್ಟೆ ಬಹುತೇಕ ಖಾಲಿಯಾಗಿತ್ತು. ಎಂಬಿಪಿ ಜೀನು ಅಟ್‌ಆರ್1ಕ್ಕೆ ಸೇರುವ ಭಾಗವನ್ನು ಸೀಕ್ವೆನ್ಸಿಂಗ್ ಮಾಡಿಸಿ, ಚೌಕಟ್ಟು ಮೊದಲಿನಂತೆಯೇ ಇರುವುದನ್ನು ನೋಡಿಕೊಂಡೆವು. ಪುನಸ್ಸಂಯೋಜನೆಯಲ್ಲಿ ಬೇಸ್‌ಗಳು ಕಳೆದುಹೋಗುವುದಿಲ್ಲವೆಂಬುದು ಗೊತ್ತಿದ್ದರೂ, ಇತರರಿಗೆ ಕೊಡುವ ವೆಕ್ಟರ್ ಆದ್ದರಿಂದ ಈ ಖರ್ಚು ಅಗತ್ಯವೆನಿಸಿತು. ಸರಿಪಡಿಸಿದ ವೆಕ್ಟರ್‌ನಲ್ಲಿ ಎಂಟ್ರಿ ಕ್ಲೋನ್‌ನಿಂದ ಹೊಸದಾಗಿ ಎಲ್‌ಆರ್ ಮಾಡಿದಾಗ, ಕ್ಲೋನೇಸ್ ಇಲ್ಲದ ತಟ್ಟೆಗೂ ಇರುವ ತಟ್ಟೆಗೂ ಇರಬೇಕಾದ ಅಂತರ ಮರಳಿ ಬಂದಿತ್ತು. ಮುಟ್ಟಿಸಿದ ಕಾಲೊನಿಗಳಲ್ಲಿ ಒಂದೂ ಕ್ಲೋರಂಫೆನಿಕಾಲ್ ಮೇಲೆ ಬೆಳೆಯಲಿಲ್ಲ.

ಪ್ರೋಟೀನು ತಯಾರಿಸುವ ಹಂತದಲ್ಲಿ ಮಡಿಕೇರಿಯ ಚಳಿ ನೆರವಿಗೆ ಬಂತು. ಜೀನನ್ನು ಚಾಲೂ ಮಾಡುವ ಐಪಿಟಿಜಿ ಕೊಟ್ಟ ನಂತರ ಬ್ಯಾಕ್ಟೀರಿಯಾವನ್ನು 20 ಡಿಗ್ರಿಯ ಸುಮಾರಿನಲ್ಲಿ ನಿಧಾನವಾಗಿ ಬೆಳೆಸಿದರೆ ಪ್ರೋಟೀನು ಸರಿಯಾಗಿ ಮಡಚಿಕೊಳ್ಳಲು ಅವಕಾಶ ಸಿಗುತ್ತದೆ. ಬೇರೆ ಕಡೆ ಇದಕ್ಕೆ ತಂಪುಮಾಡುವ ಶೇಕರ್ ಬೇಕು, ಇಲ್ಲಿ ಸಾಧಾರಣ ಶೇಕರನ್ನು ಕೋಣೆಯಲ್ಲಿ ಹಾಗೆಯೇ ನಡೆಸಿದೆವು. ಕೋಶಗಳನ್ನು ಒಡೆದು ತಿರುಗಿಸಿದ ನಂತರ ಸುಮಾರು 70 ಕಿಲೊಡಾಲ್ಟನ್‌ನ ಪಟ್ಟಿ, ಎಂದರೆ 42ರ ಎಂಬಿಪಿ ಮತ್ತು ನಮ್ಮ ತುಣುಕು ಸೇರಿದ ತೂಕ, ಮೇಲಿನ ದ್ರವದಲ್ಲೇ ದಪ್ಪವಾಗಿ ಕಾಣಿಸಿತು. ತಳದಲ್ಲೂ ಸ್ವಲ್ಪ ಇತ್ತು.

ಎಂಟ್ರಿ ಕ್ಲೋನ್, ಎರಡು ಎಕ್ಸ್‌ಪ್ರೆಷನ್ ಕ್ಲೋನ್‌ಗಳು ಮತ್ತು ಸರಿಪಡಿಸಿದ ವೆಕ್ಟರ್ ಈಗ ಗ್ಲಿಸರಾಲ್‌ನಲ್ಲಿ ಮೈನಸ್ 20ರಲ್ಲಿವೆ. ಮಳೆಗಾಲದಲ್ಲಿ ಫ್ರೀಜರನ್ನು ಪೂರ್ಣವಾಗಿ ನಂಬಲಾಗದ ಕಾರಣ ನಾಲ್ಕರ ಪ್ಲಾಸ್ಮಿಡ್ ಡಿಎನ್‌ಎಯನ್ನೂ ಶೋಧಕ ಕಾಗದದ ಮೇಲೆ ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟಿದ್ದೇವೆ. ಚುಕ್ಕಿಯನ್ನು ಕತ್ತರಿಸಿ ಟಿಇಯಲ್ಲಿ ನೆನೆಸಿ ಕೋಶಗಳಿಗೆ ಹಾಕಿದರೆ ಪ್ಲಾಸ್ಮಿಡ್ ಮರಳಿ ಸಿಗುತ್ತದೆ. ಡೆಸ್ಟಿನೇಷನ್ ವೆಕ್ಟರ್‌ನ ಕಾಗದದ ಮೇಲೆ ‘ಡಿಬಿ3.1ರಲ್ಲಿ ಮಾತ್ರ, ಆಂಪಿಸಿಲಿನ್ ಮತ್ತು ಕ್ಲೋರಂಫೆನಿಕಾಲ್ ಎರಡೂ ಹಾಕಿ ಬೆಳೆಸುವುದು’ ಎಂದು ಪೆನ್ಸಿಲಿನಲ್ಲಿ ಬರೆದಿದೆ. ವೆಕ್ಟರ್ ಕಳಿಸಿದ್ದ ಪ್ರಯೋಗಾಲಯಕ್ಕೂ ಸರಿಪಡಿಸಿದ್ದರ ಒಂದು ಚುಕ್ಕಿಯನ್ನು, ಎರಡು ತಳಿಗಳ ಪರೀಕ್ಷೆಯ ಫಲಿತಾಂಶದೊಂದಿಗೆ, ಕಳಿಸಿಕೊಟ್ಟಿದ್ದೇವೆ. ಇನ್ನೆರಡು ಮಲೆಗಳಿಂದ ತಂದ ಎಲೆಗಳ ಸಿಡಿಎನ್‌ಎ ಸಿದ್ಧವಿದೆ, ಪ್ರೈಮರ್‌ಗಳು ಅವೇ. ಮುಂದಿನ ಬಿಪಿ ಕ್ರಿಯೆಗಳು ಅವುಗಳದ್ದು.